ವಿಂಡೋಸ್‌ನಲ್ಲಿ ವೈಫೈ ಸರಿ ಇದೆ, ಉಬುಂಟುವಿನಲ್ಲಿ ಒಮ್ಮೊಮ್ಮೆ ಮಾಯವಾಗುತ್ತದೆ

ಶಿರಸಿ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಮತ್ತು ಲಿನಕ್ಸ್ ಆಧಾರಿತ ಉಬುಂಟು 22.04 ಎರಡೂ ಇವೆ. ನಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದವು. ಅವುಗಳನ್ನು ತೆರೆದು ತಿದ್ದಲು ವಿಂಡೋಸ್ ಬೇಕೇ ಬೇಕು. ಉಳಿದ ಕೆಲಸಕ್ಕೆಲ್ಲ ಉಬುಂಟುವನ್ನೇ ನೆಚ್ಚಿಕೊಂಡಿದ್ದೇನೆ.

ತೊಂದರೆ ಇದು. ಉಬುಂಟುವಿನಲ್ಲಿ ಕೆಲವು ದಿನ ವೈಫೈ ತಕರಾರಿಲ್ಲದೆ ಬರುತ್ತದೆ. ಕೆಲವು ದಿನ ಸೆಟ್ಟಿಂಗ್ಸ್ ತೆರೆದರೆ 'ನೋ ವೈಫೈ ಅಡಾಪ್ಟರ್ ಫೌಂಡ್' ಎಂದು ಕಾಣಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ವೈಫೈ ಎಂಬುದೇ ಇಲ್ಲ ಎನ್ನುವಂತೆ. ಅದೇ ಹೊತ್ತಿನಲ್ಲಿ ವಿಂಡೋಸ್‌ಗೆ ಹೋದರೆ ಎಲ್ಲವೂ ಸರಿ. ಊರಿನ ಅಂಗಡಿಯಲ್ಲಿ ತೋರಿಸಿದೆ. ಅವರು ಉಬುಂಟುವನ್ನು ಹೊಸದಾಗಿ ಹಾಕಿಕೊಟ್ಟರು. ಕೆಲವು ದಿನ ಸುಮ್ಮನಿದ್ದು ಮತ್ತೆ ಅದೇ ಹಾಡು. ಈಗ ವೈಫೈ ಕಾರ್ಡ್ ಬದಲಿಸಬೇಕು, ಅದರಿಂದಲೂ ಆಗದಿದ್ದರೆ ಮದರ್‌ಬೋರ್ಡ್ ನೋಡಬೇಕು ಎನ್ನುತ್ತಿದ್ದಾರೆ. ಕಾರ್ಡ್ ನಿಜವಾಗಿ ಕೆಟ್ಟಿದೆಯೇ? ಹಣ ಕೊಡುವ ಮೊದಲು ತಿಳಿದವರಲ್ಲಿ ಕೇಳೋಣವೆಂದು ಬರೆಯುತ್ತಿದ್ದೇನೆ.


ದಾವಣಗೆರೆ ಡಿಪ್ಲೊಮಾ:

ಮೇಡಂ, ಲಿನಕ್ಸ್‌ನಲ್ಲಿ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇಲ್ಲದಿರುವುದೇ ಕಾರಣ. 'ಅಡಿಷನಲ್ ಡ್ರೈವರ್ಸ್' ತೆರೆದು ಸಿಕ್ಕಿದ್ದನ್ನು ಹಾಕಿ, ಸರಿಹೋಗುತ್ತದೆ.


ಕರ್ನಲ್ ಓದುಗ:

ಡ್ರೈವರ್ ಇಲ್ಲದಿದ್ದರೆ ವೈಫೈ ಒಂದು ದಿನವೂ ಬರುತ್ತಿರಲಿಲ್ಲ. ಇಲ್ಲಿ ಒಂದು ದಿನ ಬರುತ್ತದೆ, ಮರುದಿನ ಬರುವುದಿಲ್ಲ. ವಿಂಡೋಸ್‌ನಲ್ಲಿ ಸದಾ ಇರುತ್ತದೆ. ಹೀಗಿರುವಾಗ ಕಾರ್ಡ್ ಕೆಟ್ಟಿದೆ ಎನ್ನುವುದೂ ಡ್ರೈವರ್ ಇಲ್ಲ ಎನ್ನುವುದೂ ಅವಸರದ ಮಾತು. ಮೇಡಂ, ದಯವಿಟ್ಟು ಏನನ್ನೂ ಬದಲಿಸಬೇಡಿ. ಇನ್ನೊಮ್ಮೆ ಉಬುಂಟು ಹಾಕಿಸುವುದಂತೂ ಬೇಡವೇ ಬೇಡ. ವೈಫೈ ಮಾಯವಾದ ದಿನ ಯಂತ್ರವನ್ನು ಆರಿಸದೆ ಟರ್ಮಿನಲ್ (ಆದೇಶಗಳನ್ನು ಬೆರಳಚ್ಚಿಸುವ ಕಿಟಕಿ) ತೆರೆದು ಮೂರು ವಿಷಯ ನೋಡಿ.

ಮೊದಲನೆಯದು 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಆದೇಶ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲನ್ನೂ ಅದರ ಕೆಳಗಿನ ಎರಡು ಮೂರು ಸಾಲುಗಳನ್ನೂ ಗಮನಿಸಿ. ಕೊನೆಯ ಚೌಕ ಕಂಸದೊಳಗಿನ ಮೊದಲ ನಾಲ್ಕು ಅಕ್ಷರಗಳು ತಯಾರಕರ ಗುರುತು: 8086 ಎಂದಿದ್ದರೆ ಇಂಟೆಲ್, 10ಇಸಿ ಎಂದಿದ್ದರೆ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಎಂದರೆ ಕ್ವಾಲ್ಕಾಮ್ ಅಥೆರೋಸ್. ಲ್ಯಾಪ್‌ಟಾಪ್‌ನ ಡಬ್ಬಿಯ ಮೇಲೆ ಏನೇ ಬರೆದಿರಲಿ, ಈ ಸಂಖ್ಯೆಯನ್ನು ನಂಬಿ. ಒಂದೇ ಮಾದರಿಯ ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ಕಾರ್ಡ್‌ಗಳು ಬರುತ್ತವೆ.

ಎರಡನೆಯದು 'ಆರ್‌ಎಫ್‌ಕಿಲ್ ಲಿಸ್ಟ್'. ಅಲ್ಲಿ 'ಸಾಫ್ಟ್ ಬ್ಲಾಕ್ಡ್: ಯೆಸ್' ಎಂದಿದ್ದರೆ ಏರೋಪ್ಲೇನ್ ಮೋಡ್‌ನಂಥದ್ದು ವೈಫೈಯನ್ನು ತಡೆದಿದೆ ಎಂದರ್ಥ. 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್' ಎಂದರೆ ಅದು ತೆರೆದುಕೊಳ್ಳುತ್ತದೆ. 'ಹಾರ್ಡ್ ಬ್ಲಾಕ್ಡ್: ಯೆಸ್' ಎಂದಿದ್ದರೆ ಯಂತ್ರದ ಮೇಲಿನ ಸ್ವಿಚ್ ನೋಡಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅಂಥ ಸ್ವಿಚ್ಚೇ ಇರುವುದಿಲ್ಲ. ಆದರೂ ಅದು ಇದೆ, ಆರಿದೆ ಎಂದು ಕರ್ನಲ್ (ವ್ಯವಸ್ಥೆಯ ತಿರುಳು) ತಪ್ಪು ತಿಳಿಯುತ್ತದೆ. ಆಗ ದಾರಿ ಬೇರೆ.

ಮೂರನೆಯದು 'ಸುಡೊ ಡಿಎಂಇಎಸ್‌ಜಿ'. ಯಂತ್ರ ಎದ್ದ ಕ್ಷಣದಿಂದ ಕರ್ನಲ್ ಬರೆದುಕೊಂಡ ದಿನಚರಿ ಅದು. ಅದರಲ್ಲಿ ನಿಮ್ಮ ಕಾರ್ಡ್‌ನ ಡ್ರೈವರ್ ಹೆಸರಿರುವ ಸಾಲುಗಳನ್ನು ಇಲ್ಲಿ ಹಾಕಿ. ಈ ಸಾಲುಗಳನ್ನು ನೋಡದೆ ಯಾರು ಏನೇ ಹೇಳಿದರೂ ಅದು ಊಹೆ, ನನ್ನದೂ ಸೇರಿ.

ಆ ದಿನ ಇಂಟರ್ನೆಟ್ ಬೇಕಾದರೆ ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ಉಬುಂಟು ಅದನ್ನು ತಂತಿಯ ಸಂಪರ್ಕವೆಂದೇ ತಿಳಿದು ತಕ್ಷಣ ನೆಟ್ ಕೊಡುತ್ತದೆ, ಡ್ರೈವರ್ ಹಾಕುವ ಗೊಡವೆ ಇಲ್ಲ.


ಶಿರಸಿ ಶಿಕ್ಷಕಿ:

ಇಂದು ಬೆಳಿಗ್ಗೆ ವೈಫೈ ಮಾಯವಾಗಿತ್ತು. ಹೇಳಿದಂತೆಯೇ ನೋಡಿದೆ. ಟೆದರಿಂಗ್‌ನಿಂದಲೇ ಇದನ್ನು ಬರೆಯುತ್ತಿದ್ದೇನೆ, ಅದಕ್ಕೆ ಮೊದಲು ಧನ್ಯವಾದ.

ಪಟ್ಟಿಯಲ್ಲಿ ಮೀಡಿಯಾಟೆಕ್ ಎಂಟಿ7921 ಎಂದಿದೆ, ಸಂಖ್ಯೆ 14ಸಿ3. ಕೆಳಗೆ 'ಕರ್ನಲ್ ಮಾಡ್ಯೂಲ್ಸ್: ಎಂಟಿ7921ಇ' ಎಂದು ಒಂದೇ ಸಾಲಿದೆ. ಬೇರೆ ಸಾಧನಗಳ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಇನ್ನೊಂದು ಸಾಲೂ ಇದೆ. ವೈಫೈಗೆ ಮಾತ್ರ ಆ ಸಾಲು ಇಲ್ಲ. ಆರ್‌ಎಫ್‌ಕಿಲ್ ಪಟ್ಟಿಯಲ್ಲಿ ವೈಫೈ ಹೆಸರೇ ಇಲ್ಲ. ದಿನಚರಿಯಲ್ಲಿ ಸಿಕ್ಕಿದ್ದು ಇಷ್ಟು:

ಎಂಟಿ7921ಇ 0000:02:00.0: ಡ್ರೈವರ್ ಓನ್ ಫೇಲ್ಡ್
ಎಂಟಿ7921ಇ: ಪ್ರೋಬ್ ಆಫ್ 0000:02:00.0 ಫೇಲ್ಡ್ ವಿತ್ ಎರರ್ -5


ಕರ್ನಲ್ ಓದುಗ:

ಮೇಡಂ, ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. 'ಇನ್ ಯೂಸ್' ಸಾಲು ಇಲ್ಲ ಎಂಬುದನ್ನು ನೀವೇ ಗುರುತಿಸಿದ್ದು ದೊಡ್ಡ ಉಪಕಾರವಾಯಿತು.

ಡ್ರೈವರ್ ನಿಮ್ಮಲ್ಲಿದೆ. ಅದು ಕಾರ್ಡನ್ನು ಹುಡುಕಿದೆ, ಮಾತನಾಡಿಸಲು ಹೋಗಿದೆ, ಕಾರ್ಡ್ ಉತ್ತರ ಕೊಟ್ಟಿಲ್ಲ. ಈ ಚಿಪ್ಪಿನೊಳಗೆ ಅದರದೇ ಫರ್ಮ್‌ವೇರ್, ಅಂದರೆ ಚಿಪ್ಪಿನ ಸ್ವಂತ ತಂತ್ರಾಂಶ, ಓಡುತ್ತಿರುತ್ತದೆ. ಡ್ರೈವರ್ ಕೆಲಸ ಆರಂಭಿಸುವ ಮೊದಲು ಚಿಪ್ಪಿನ ಯಜಮಾನಿಕೆಯನ್ನು ಫರ್ಮ್‌ವೇರ್‌ನಿಂದ ತನ್ನ ಕೈಗೆ ಕೇಳಿ ಪಡೆಯಬೇಕು. ಆ ಕೇಳಿಕೆಯೇ 'ಡ್ರೈವರ್ ಓನ್'. ಅದು ವಿಫಲವಾಯಿತು ಎಂದರೆ ಚಿಪ್ ಯಾವುದೋ ಅರೆನಿದ್ರೆಯಲ್ಲಿ ಸಿಕ್ಕಿಕೊಂಡಿದೆ.

ಈಗ ಒಂದೇ ಪ್ರಶ್ನೆ. ವೈಫೈ ಮಾಯವಾದ ದಿನಗಳಂದು, ಅದಕ್ಕೆ ಮೊದಲು ಬಳಸಿದ್ದು ವಿಂಡೋಸ್ ಆಗಿತ್ತೇ? ವಿಂಡೋಸ್‌ನಲ್ಲಿ 'ಶಟ್ ಡೌನ್' ಒತ್ತಿ ಮಲಗಿ, ಬೆಳಿಗ್ಗೆ ಉಬುಂಟು ತೆರೆದಿದ್ದಿರೇ?


ಶಿರಸಿ ಶಿಕ್ಷಕಿ:

ಹೌದು. ನಿನ್ನೆ ರಾತ್ರಿ ಪ್ರಶ್ನೆಪತ್ರಿಕೆ ತಿದ್ದಲು ವಿಂಡೋಸ್‌ನಲ್ಲಿದ್ದೆ. ಹಿಂದಿನ ಸಲವೂ ಹಾಗೆಯೇ ಇದ್ದ ನೆನಪು. ಉಬುಂಟುವಿನಿಂದ ಉಬುಂಟುವಿಗೇ ಬಂದ ದಿನಗಳಲ್ಲಿ ತೊಂದರೆ ಆದಂತಿಲ್ಲ. ಆದರೆ ಶಟ್ ಡೌನ್ ಮಾಡಿದ ಮೇಲೆ ಯಂತ್ರ ಪೂರ್ತಿ ಆರುತ್ತದಲ್ಲವೇ? ರಾತ್ರಿಯಿಡೀ ಆರಿದ್ದ ಯಂತ್ರದಲ್ಲಿ ವಿಂಡೋಸ್‌ನ ಪ್ರಭಾವ ಬೆಳಿಗ್ಗೆಯವರೆಗೆ ಹೇಗೆ ಉಳಿಯುತ್ತದೆ?


ಕರ್ನಲ್ ಓದುಗ:

ಈ ತೊಂದರೆಯ ಕೀಲಿ ಅಲ್ಲೇ ಇದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ವಿಂಡೋಸ್‌ನ 'ಶಟ್ ಡೌನ್' ಪೂರ್ತಿ ಆರಿಸುವ ಕ್ರಿಯೆಯಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದರೆ, ನೀವು ಶಟ್ ಡೌನ್ ಒತ್ತಿದಾಗ ವಿಂಡೋಸ್ ನಿಮ್ಮ ಕಡತಗಳನ್ನೂ ತಂತ್ರಾಂಶಗಳನ್ನೂ ಮುಚ್ಚುತ್ತದೆ. ತನ್ನ ಕರ್ನಲ್ಲನ್ನೂ ಡ್ರೈವರ್‌ಗಳನ್ನೂ ಮಾತ್ರ ಮುಚ್ಚುವುದಿಲ್ಲ. ಅವು ಇದ್ದ ಸ್ಥಿತಿಯನ್ನೇ ಡಿಸ್ಕ್‌ನಲ್ಲಿ 'ಹೈಬರ್‌ಫಿಲ್.ಸಿಸ್' ಎಂಬ ಕಡತಕ್ಕೆ ಬರೆದು ನಿದ್ರೆಗೆ ಜಾರುತ್ತದೆ. ಮುಂದಿನ ಸಲ ಬೇಗ ಏಳಬೇಕೆಂಬುದು ಉದ್ದೇಶ. ಒಂದೇ ವ್ಯವಸ್ಥೆ ಇರುವವರಿಗೆ ಇದರಿಂದ ಅನುಕೂಲವೇ. ಎರಡು ವ್ಯವಸ್ಥೆ ಇರುವಲ್ಲಿ, ಬಾಡಿಗೆದಾರ ಮನೆ ಬಿಟ್ಟೆನೆಂದು ಹೇಳಿ ಒಂದು ಕೋಣೆಗೆ ಬೀಗ ಹಾಕಿಕೊಂಡು ಹೋದಂತೆ ಆಗುತ್ತದೆ.

ವೈಫೈ ಕಾರ್ಡ್‌ಗೆ ಆಗುವುದೂ ಇದೇ. ಅದನ್ನು ಪೂರ್ತಿ ಆರಿಸದೆ ಕಡಿಮೆ ವಿದ್ಯುತ್ತಿನ ಸ್ಥಿತಿಯಲ್ಲಿ ಬಿಡಲಾಗಿರುತ್ತದೆ. ಲ್ಯಾಪ್‌ಟಾಪ್ ಆರಿದಂತೆ ಕಂಡರೂ ಬ್ಯಾಟರಿಯಿಂದ ಕೆಲವು ಭಾಗಗಳಿಗೆ ವಿದ್ಯುತ್ ಹೋಗುತ್ತಲೇ ಇರುತ್ತದೆ. ಬೆಳಿಗ್ಗೆ ಉಬುಂಟು ಬಂದು ಹೊಸದಾಗಿ ಪರಿಚಯ ಮಾಡಿಕೊಳ್ಳಲು ಹೋದರೆ ಕಾರ್ಡ್ ಇನ್ನೂ ವಿಂಡೋಸ್ ಡ್ರೈವರ್ ಬಿಟ್ಟುಹೋದ ಸ್ಥಿತಿಯಲ್ಲೇ ಇರುತ್ತದೆ. ಇದು ಒಂದೇ ಕಂಪನಿಯ ಚಿಪ್ಪಿನ ಕಥೆಯಲ್ಲ. ಇಂಟೆಲ್ ಕಾರ್ಡ್‌ಗಳ ಲಿನಕ್ಸ್ ಡ್ರೈವರ್‌ನ ಅಧಿಕೃತ ದಾಖಲೆಯಲ್ಲೇ ಡ್ಯುಯಲ್ ಬೂಟ್ (ಎರಡು ವ್ಯವಸ್ಥೆಗಳಿರುವ) ಯಂತ್ರಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ನೋಡಿ ಎಂಬ ಸೂಚನೆ ಇದೆ. ಆ ಕಾರ್ಡ್‌ಗಳಲ್ಲಿ ದಿನಚರಿಯ ಸಾಲು ಬೇರೆ, -110 ಎಂಬ ದೋಷಸಂಖ್ಯೆ ಕಾಣಿಸಬಹುದು. ಕಾದೆ, ಉತ್ತರ ಬರಲಿಲ್ಲ ಎಂದು ಅದರ ಅರ್ಥ.

ನಂಬುವ ಮೊದಲು ಪರೀಕ್ಷಿಸಿ. ವಿಂಡೋಸ್‌ಗೆ ಹೋಗಿ ಶಟ್ ಡೌನ್ ಬದಲು 'ರೀಸ್ಟಾರ್ಟ್' ಒತ್ತಿ, ಮೆನು ಬಂದಾಗ ಉಬುಂಟು ಆಯ್ದುಕೊಳ್ಳಿ. ರೀಸ್ಟಾರ್ಟ್‌ನಲ್ಲಿ ಈ ಅರೆನಿದ್ರೆಯ ಆಟ ಇಲ್ಲ, ವಿಂಡೋಸ್ ತನ್ನನ್ನು ಪೂರ್ತಿ ಮುಚ್ಚಿಕೊಳ್ಳುತ್ತದೆ. ಶಿಫ್ಟ್ ಕೀಲಿ ಹಿಡಿದುಕೊಂಡು ಶಟ್ ಡೌನ್ ಒತ್ತಿದರೂ ಹಾಗೆಯೇ. ಆಗ ವೈಫೈ ಬಂದರೆ ನಮ್ಮ ಅಪರಾಧಿ ಸಿಕ್ಕಂತೆ. ಬರದಿದ್ದರೆ ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಹೊತ್ತಿಸಿ. ಒಳಗೆ ಉಳಿದ ವಿದ್ಯುತ್ ಬರಿದಾದರೆ ಕಾರ್ಡ್ ಹೊಸದಾಗಿ ಏಳುತ್ತದೆ.


ಹುಬ್ಬಳ್ಳಿ ರಿಪೇರಿ:

ಲ್ಯಾಪ್‌ಟಾಪ್ ದುರಸ್ತಿಯೇ ನನ್ನ ಕಸುಬು. ಮೇಲಿನ ಮಾತಿಗೆ ಕಸುಬಿನ ಕಡೆಯಿಂದ ಒಂದು ಸೇರಿಸುತ್ತೇನೆ. ಅರ್ಧ ನಿಮಿಷ ಗುಂಡಿ ಒತ್ತಿದ ಮೇಲೆ ವೈಫೈ ಮರಳಿ ಬಂತು ಎಂದರೆ ಕಾರ್ಡ್ ಜೀವಂತವಾಗಿದೆ. ಅಂಥ ಕಾರ್ಡನ್ನು ಬದಲಿಸುವುದು ಗಿರಾಕಿಯ ಹಣಕ್ಕೂ ನಮ್ಮ ಕಸುಬಿಗೂ ಅನ್ಯಾಯ. ಎರಡೂ ವ್ಯವಸ್ಥೆಗಳಲ್ಲಿ ಕಾರ್ಡ್ ಕಾಣದಿದ್ದರೆ, 'ಎಲ್‌ಎಸ್‌ಪಿಸಿಐ' ಪಟ್ಟಿಯಲ್ಲೂ ಹೆಸರಿಲ್ಲದಿದ್ದರೆ ಆಗ ಸ್ಕ್ರೂ ಬಿಚ್ಚಬೇಕು. ಅದಕ್ಕೂ ಮುಂಚೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್ಸ್‌ನಲ್ಲಿ) ವೈರ್‌ಲೆಸ್ ಆಫ್ ಆಗಿದೆಯೇ ಎಂದು ನೋಡಬೇಕು.

ಬದಲಿಸಲೇಬೇಕಾದವರಿಗೂ ಒಂದು ಮಾತು. ಇಂಟೆಲ್‌ನ ಎಎಕ್ಸ್201, ಎಎಕ್ಸ್211 ಕಾರ್ಡ್‌ಗಳು ಅರ್ಧ ಕಾರ್ಡ್‌ಗಳು, ಉಳಿದರ್ಧ ಇಂಟೆಲ್ ಪ್ರೊಸೆಸರ್ ಅಥವಾ ಚಿಪ್‌ಸೆಟ್‌ನೊಳಗಿದೆ. ಅವನ್ನು ಎಎಂಡಿ ಲ್ಯಾಪ್‌ಟಾಪ್‌ಗೆ ಹಾಕಿದರೆ ಗಾತ್ರ ಸರಿಹೊಂದುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಎಎಕ್ಸ್200, ಎಎಕ್ಸ್210 ಪೂರ್ಣ ಕಾರ್ಡ್‌ಗಳು. ಕೊನೆಯ ಒಂದು ಅಂಕಿಯ ವ್ಯತ್ಯಾಸ ತಿಳಿಯದೆ ತರಿಸಿದವರನ್ನು ಆಗಾಗ ನೋಡುತ್ತೇನೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡನ್ನು ಬೋರ್ಡ್‌ಗೇ ಬೆಸೆದಿರುವುದೂ ಉಂಟು. ಕೊಳ್ಳುವ ಮೊದಲು ಬಿಚ್ಚಿ ನೋಡಿಸಿ.


ಶಿರಸಿ ಶಿಕ್ಷಕಿ:

ರೀಸ್ಟಾರ್ಟ್ ಮಾಡಿ ಬಂದೆ, ವೈಫೈ ಬಂದಿದೆ! 'ಕರ್ನಲ್ ಡ್ರೈವರ್ ಇನ್ ಯೂಸ್: ಎಂಟಿ7921ಇ' ಎಂಬ ಸಾಲೂ ಈಗ ಕಾಣಿಸುತ್ತಿದೆ. ಬೇಕೆಂದೇ ವಿಂಡೋಸ್‌ಗೆ ಹೋಗಿ ಶಟ್ ಡೌನ್ ಒತ್ತಿ ಮತ್ತೆ ಬಂದೆ. ಮಾಯ. ರೀಸ್ಟಾರ್ಟ್ ಮಾಡಿದೆ, ಬಂತು. ಮಕ್ಕಳಿಗೆ ಪ್ರಯೋಗ ಕಲಿಸುವಾಗ ಒಂದೇ ಅಂಶವನ್ನು ಬದಲಿಸಿ ಉಳಿದದ್ದನ್ನು ಹಾಗೆಯೇ ಇಡಿ ಎನ್ನುತ್ತೇವಲ್ಲ, ಅದೇ ರೀತಿ ಖಚಿತವಾಯಿತು.

ಸಂಬಂಧ ಇದೆಯೋ ಇಲ್ಲವೋ ತಿಳಿಯದು, ಇನ್ನೊಂದು ವಿಷಯ ಕೇಳಿಬಿಡುತ್ತೇನೆ. ವೈಫೈ ಮಾಯವಾದ ದಿನಗಳಂದೇ ಉಬುಂಟುವಿನಿಂದ ಡಿ ಡ್ರೈವ್‌ನ ಕಡತಗಳನ್ನು ತೆರೆಯಬಹುದಿತ್ತು, ಉಳಿಸಲು ಆಗುತ್ತಿರಲಿಲ್ಲ. 'ರೀಡ್ ಓನ್ಲಿ' ಎನ್ನುತ್ತಿತ್ತು. ಡಿಸ್ಕ್ ಕೂಡ ಹಾಳಾಗುತ್ತಿದೆ ಎಂಬ ಅಂಜಿಕೆ.


ಕರ್ನಲ್ ಓದುಗ:

ಸಂಬಂಧ ಇದೆ, ಬೇರು ಒಂದೇ. ವಿಂಡೋಸ್ ಅರೆನಿದ್ರೆಗೆ ಹೋದಾಗ ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನು ಇಡುವ ಕ್ರಮ) ವಿಭಾಗಗಳ ಲೆಕ್ಕಪತ್ರದ ಒಂದು ಭಾಗ ಅದರ ನೆನಪಿನಲ್ಲೇ ಉಳಿದಿರುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಹೋಗಿ ಬರೆದರೆ, ವಿಂಡೋಸ್ ಎದ್ದ ಮೇಲೆ ತನ್ನ ಹಳೆಯ ಲೆಕ್ಕವನ್ನೇ ನಂಬಿ ಮುಂದುವರಿಯುತ್ತದೆ, ಕಡತಗಳು ಕೆಡುತ್ತವೆ. ಹಾಗಾಗದಿರಲೆಂದೇ ಉಬುಂಟು ಓದಲು ಮಾತ್ರ ಬಿಟ್ಟಿದೆ. ಡಿಸ್ಕ್‌ಗೆ ಏನೂ ಆಗಿಲ್ಲ. ಬಲವಂತವಾಗಿ ಬರೆಯುವ ಉಪಾಯಗಳನ್ನು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಮಕ್ಕಳ ಅಂಕಪಟ್ಟಿಗಳು ಅಲ್ಲಿರಬಹುದು.

ಈಗ ಪರಿಹಾರ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಪವರ್ ಆಪ್ಷನ್ಸ್, ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡು'. ತೆರೆದ ಪುಟದಲ್ಲಿ ಕೆಳಗಿನ ಆಯ್ಕೆಗಳು ಮಸುಕಾಗಿರುತ್ತವೆ. ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಎಂಬುದನ್ನು ಒತ್ತಿದರೆ ಅವು ತೆರೆದುಕೊಳ್ಳುತ್ತವೆ. 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಎದುರಿನ ಗುರುತು ತೆಗೆದು ಸೇವ್ ಮಾಡಿ. ಬಯಾಸ್‌ನಲ್ಲಿ 'ಫಾಸ್ಟ್ ಬೂಟ್' ಎಂಬ ಬೇರೊಂದು ಆಯ್ಕೆ ಇರುತ್ತದೆ. ಹೆಸರು ಹತ್ತಿರವಾದರೂ ಅದು ಬೇರೆ ವಸ್ತು. ಮೊದಲನೆಯದರಿಂದ ಗುಣ ಕಾಣದಿದ್ದರೆ ಮಾತ್ರ ಅದನ್ನು ಮುಟ್ಟಿ.


ಮಂಡ್ಯದ ಮುಕ್ತ ತಂತ್ರಾಂಶ:

ಇಷ್ಟೆಲ್ಲ ಏಕೆ? ವಿಂಡೋಸ್ ಅಳಿಸಿಬಿಡಿ ಮೇಡಂ. ನಾನು ಅಳಿಸಿದ ಮೇಲೆ ನೆಮ್ಮದಿಯಾಗಿದ್ದೇನೆ.


ಶಿರಸಿ ಶಿಕ್ಷಕಿ:

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಹಳೆಯ ಪ್ರಶ್ನೆಪತ್ರಿಕೆಗಳು ಯೂನಿಕೋಡ್‌ನಲ್ಲಿಲ್ಲ. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿರುವ ಕಡತವನ್ನು ಬೇರೆಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ ಕಾಣಿಸುತ್ತದೆ. ಪರಿವರ್ತಕಗಳಿವೆ, ಬಳಸುತ್ತಲೂ ಇದ್ದೇನೆ. ಸೂತ್ರ, ಚಿತ್ರ, ಕೋಷ್ಟಕ ಇರುವ ಪುಟಗಳನ್ನು ಪರಿವರ್ತಿಸಿದ ಮೇಲೆ ಸಾಲು ಸಾಲಾಗಿ ತಿದ್ದಬೇಕು. ಆ ಕೆಲಸ ಮುಗಿಯುವವರೆಗೆ ಎರಡೂ ಇರಲೇಬೇಕು.


ಕರ್ನಲ್ ಓದುಗ:

ಮೇಡಂ ಹೇಳಿದ್ದು ಸರಿ. ಡ್ಯುಯಲ್ ಬೂಟ್ ಇಟ್ಟುಕೊಂಡವರಲ್ಲಿ ಬಹಳ ಮಂದಿಗೆ ಅದು ಶೋಕಿಯಲ್ಲ. ನುಡಿ ಕಡತ, ಲೆಕ್ಕಪತ್ರದ ತಂತ್ರಾಂಶ, ಡಿಜಿಟಲ್ ಸಹಿಯ ಡಾಂಗಲ್ ಎಂದು ವಿಂಡೋಸ್ ಬಿಡಲಾಗದ ಕೆಲಸಗಳಿರುತ್ತವೆ. ಅಂಥವರಿಗೆ 'ಅಳಿಸಿಬಿಡಿ' ಎಂದರೆ ಅದು ಉತ್ತರವಾಗುವುದಿಲ್ಲ.


ಧಾರವಾಡ ಹಾಸ್ಟೆಲ್:

ಇದೇ ಜಾಗದಲ್ಲಿ ನನ್ನದನ್ನೂ ಕೇಳಬಹುದೇ ಸರ್? ನನ್ನದು ವಿಂಡೋಸ್ ಮತ್ತು ಫೆಡೋರಾ ಲಿನಕ್ಸ್. ಫಾಸ್ಟ್ ಸ್ಟಾರ್ಟಪ್ ಮೊದಲೇ ಆಫ್ ಮಾಡಿದ್ದೇನೆ. ಹಾಸ್ಟೆಲ್ ವೈಫೈಗೆ ಫೆಡೋರಾದಲ್ಲೂ ಸಂಪರ್ಕ ಆಗುತ್ತದೆ, ಸಿಗ್ನಲ್ ತುಂಬಿದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಆದರೆ ಸರಿಯಾಗಿದೆ. ಮೊದಲು ಹೀಗಿರಲಿಲ್ಲ, ಫೆಡೋರಾ ಹೊಸ ಆವೃತ್ತಿಗೆ ಏರಿಸಿದ ಮೇಲೆ ಶುರುವಾಯಿತು.


ಕರ್ನಲ್ ಓದುಗ:

ನಿಮ್ಮ ಹಾಸ್ಟೆಲ್‌ನಲ್ಲಿ ಪ್ರತಿ ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನ ಮ್ಯಾಕ್ ವಿಳಾಸ (ವೈಫೈ ಕಾರ್ಡ್‌ನ ಗುರುತು ಸಂಖ್ಯೆ) ಬರೆದುಕೊಂಡು ಅನುಮತಿ ಕೊಡುವ ಪದ್ಧತಿ ಇದೆಯೇ? ಇದ್ದರೆ ಕಾರಣ ಬಹುತೇಕ ಅದೇ. 2024ರಲ್ಲಿ ಬಂದ ಫೆಡೋರಾ 40ರಿಂದ ಪ್ರತಿಯೊಂದು ವೈಫೈ ಜಾಲಕ್ಕೂ ಬೇರೆ ಬೇರೆ ಕೃತಕ ಮ್ಯಾಕ್ ವಿಳಾಸ ತೋರಿಸುವುದು ಸಹಜ ಕ್ರಮವಾಗಿದೆ. ಯಾರೂ ನಿಮ್ಮ ಲ್ಯಾಪ್‌ಟಾಪನ್ನು ಊರಿಂದೂರಿಗೆ ಹಿಂಬಾಲಿಸಿ ಗುರುತು ಹಿಡಿಯದಿರಲಿ ಎಂಬ ಒಳ್ಳೆಯ ಉದ್ದೇಶ. ಹಾಸ್ಟೆಲ್‌ನ ಪಟ್ಟಿಯಲ್ಲಿರುವುದು ನಿಮ್ಮ ಕಾರ್ಡ್‌ನ ನಿಜವಾದ ವಿಳಾಸ. ವಿಂಡೋಸ್ ಅದನ್ನೇ ತೋರಿಸುತ್ತದೆ, ಬಾಗಿಲು ತೆರೆಯುತ್ತದೆ. ಫೆಡೋರಾ ಬೇರೆಯದನ್ನು ತೋರಿಸುತ್ತದೆ, ಕಾವಲುಗಾರ ಒಳಗೆ ಬಿಡುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಆ ಜಾಲದ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ, 'ಐಡೆಂಟಿಟಿ' ಪುಟದಲ್ಲಿ 'ಕ್ಲೋನ್ಡ್ ಅಡ್ರೆಸ್' ಎದುರು 'ಪರ್ಮನೆಂಟ್' ಎಂದು ಆರಿಸಿ. ಆ ಒಂದು ಜಾಲಕ್ಕೆ ಮಾತ್ರ ಬದಲಿಸಿ, ಉಳಿದ ಕಡೆ ಕೃತಕ ವಿಳಾಸವೇ ಇರಲಿ.


ಧಾರವಾಡ ಹಾಸ್ಟೆಲ್:

ಹೌದು ಸರ್, ಪ್ರವೇಶದ ದಿನ ವಿಳಾಸ ಬರೆಸಿಕೊಂಡಿದ್ದರು. 'ಪರ್ಮನೆಂಟ್' ಮಾಡಿ ಸಂಪರ್ಕ ಕಡಿದು ಮತ್ತೆ ಜೋಡಿಸಿದೆ. ಪುಟಗಳು ತೆರೆಯುತ್ತಿವೆ. ಪಕ್ಕದ ಕೋಣೆಯವನದೂ ಇದೇ ತಕರಾರು, ಅವನದನ್ನೂ ಸರಿಮಾಡುತ್ತೇನೆ.


ಡೆಬಿಯನ್ ಪ್ರಿಯ, ತುಮಕೂರು:

ನನ್ನದು ಹೊಸ ಲ್ಯಾಪ್‌ಟಾಪ್, ಡೆಬಿಯನ್ 12 ಲಿನಕ್ಸ್ ಹಾಕಿದ್ದೇನೆ. ರಿಯಲ್‌ಟೆಕ್ ಆರ್‌ಟಿಎಲ್8852ಬಿಇ ಕಾರ್ಡ್. ವೈಫೈ ಒಂದು ದಿನವೂ ಬಂದಿಲ್ಲ. ಪಟ್ಟಿಯಲ್ಲಿ ಕಾರ್ಡ್ ಇದೆ, 'ಕರ್ನಲ್ ಮಾಡ್ಯೂಲ್ಸ್' ಸಾಲೇ ಇಲ್ಲ. ಗಿಟ್‌ಹಬ್ ಜಾಲತಾಣದಿಂದ ಡ್ರೈವರ್ ತಂದು ಕಟ್ಟಿದರೆ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎನ್ನುತ್ತದೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಬಯಾಸ್ ಕಾವಲು) ಆಫ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಮಾಡಲೇ?


ಕರ್ನಲ್ ಓದುಗ:

ಆಫ್ ಮಾಡುವ ಮೊದಲು ನಿಲ್ಲಿ. ವಿಂಡೋಸ್ ವಿಭಾಗಕ್ಕೆ ಬಿಟ್‌ಲಾಕರ್ ಗೂಢಲಿಪಿ ಹಾಕಿದ್ದರೆ, ಸೆಕ್ಯೂರ್ ಬೂಟ್ ಬದಲಿಸಿದ ಕೂಡಲೇ ವಿಂಡೋಸ್ 48 ಅಂಕಿಗಳ ರಿಕವರಿ ಕೀಲಿ ಕೇಳುತ್ತದೆ. ಹೊಸ ಯಂತ್ರಗಳಲ್ಲಿ ಮಾಲೀಕರಿಗೆ ತಿಳಿಯದಂತೆಯೇ ಇದು ಆನ್ ಆಗಿರಬಹುದು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅದನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೀಲಿ ಕೈಯಲ್ಲಿಲ್ಲದೆ ಬಯಾಸ್ ಮುಟ್ಟಬೇಡಿ ಎಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ವೈಫೈ ಹುಡುಕಲು ಹೋಗಿ ವರ್ಷಗಳ ಫೋಟೊ, ದಾಖಲೆಗಳ ಎದುರು ಬೀಗ ಬಿದ್ದರೆ ಆ ನೋವನ್ನು ಯಾರೂ ತುಂಬಿಕೊಡಲಾರರು.

ನಿಮಗೆ ಇದ್ಯಾವುದೂ ಬೇಕಿಲ್ಲ ಎಂಬುದು ಸಮಾಧಾನದ ಸಂಗತಿ. ಮೇಡಂ ಅವರದಕ್ಕೂ ನಿಮ್ಮದಕ್ಕೂ ವ್ಯತ್ಯಾಸ ನೋಡಿ: ಅವರಲ್ಲಿ ಮಾಡ್ಯೂಲ್ (ಡ್ರೈವರ್) ಇತ್ತು, ಕಾರ್ಡ್ ಉತ್ತರಿಸಲಿಲ್ಲ. ನಿಮ್ಮಲ್ಲಿ ಮಾಡ್ಯೂಲೇ ಇಲ್ಲ. 8852ಬಿಇ ಕಾರ್ಡ್‌ಗೆ ಬೆಂಬಲ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 6.2ರಲ್ಲಿ. ಡೆಬಿಯನ್ 12ರ ಜೊತೆ ಬರುವುದು 6.1. ಒಂದೇ ಒಂದು ಮೆಟ್ಟಿಲು ಹಿಂದೆ. ಟೆದರಿಂಗ್ ಹಾಕಿ, ಬ್ಯಾಕ್‌ಪೋರ್ಟ್ಸ್ (ಹಳೆಯ ಆವೃತ್ತಿಗೆ ಹೊಸ ತಂತ್ರಾಂಶ ಕೊಡುವ) ಭಂಡಾರ ಸೇರಿಸಿ ಅಲ್ಲಿಂದ ಹೊಸ ಕರ್ನಲ್ಲನ್ನೂ 'ಫರ್ಮ್‌ವೇರ್-ರಿಯಲ್‌ಟೆಕ್' ಪೊಟ್ಟಣವನ್ನೂ ಹಾಕಿ. ಎರಡೂ ಬೇಕು. ಕರ್ನಲ್ ಹೊಸದಾಗಿ ಫರ್ಮ್‌ವೇರ್ ಹಳೆಯದಾಗಿದ್ದರೂ ವೈಫೈ ಬರುವುದಿಲ್ಲ. ಇಲ್ಲವೇ 2025ರಲ್ಲಿ ಬಂದ ಡೆಬಿಯನ್ 13ಕ್ಕೆ ಏರಿಸಿ, ಅದರಲ್ಲಿ 6.12 ಇದೆ. ಡೆಬಿಯನ್‌ನ ಕರ್ನಲ್ ಜೊತೆ ಬರುವ ಡ್ರೈವರ್‌ಗಳಿಗೆ ಆಗಲೇ ಸಹಿ ಇರುವುದರಿಂದ ಸೆಕ್ಯೂರ್ ಬೂಟ್ ತಕರಾರು ಮಾಡುವುದಿಲ್ಲ.

ಹೊರಗಿನಿಂದ ಕಟ್ಟಿದ ಡ್ರೈವರ್ ಅನಿವಾರ್ಯವಾದವರೂ ಸೆಕ್ಯೂರ್ ಬೂಟ್ ಆಫ್ ಮಾಡಬೇಕಿಲ್ಲ. 'ಮೋಕ್‌ಯುಟಿಲ್' ಆದೇಶದ ಮೂಲಕ ನಿಮ್ಮದೇ ಕೀಲಿಯನ್ನು ನೋಂದಾಯಿಸಿ, ಮುಂದಿನ ಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಮೋಕ್' ಆರಿಸಿದರಾಯಿತು. ನೀಲಿ ಪರದೆ ಕಂಡು ಏನೋ ಕೆಟ್ಟಿತೆಂದು ಹೆದರಿ ಯಂತ್ರ ಆರಿಸುವವರೇ ಹೆಚ್ಚು. ಅದು ಬರಬೇಕಾದದ್ದೇ, ಸ್ವಲ್ಪ ಹೊತ್ತು ಮಾತ್ರ ಕಾಯುತ್ತದೆ.


ಹುಬ್ಬಳ್ಳಿ ರಿಪೇರಿ:

ರಿಯಲ್‌ಟೆಕ್ ಮಾತು ಬಂದದ್ದರಿಂದ ಹೇಳುತ್ತೇನೆ. ಆರ್‌ಟಿಎಲ್8723ಬಿಇ ಎಂಬ ಹಳೆಯ ಕಾರ್ಡ್ ಇರುವ ಲ್ಯಾಪ್‌ಟಾಪ್‌ಗಳು ಈಗಲೂ ನನ್ನಲ್ಲಿಗೆ ಬರುತ್ತವೆ. ವಿಂಡೋಸ್‌ನಲ್ಲಿ ಇಡೀ ಮನೆಗೆ ಸಿಗ್ನಲ್, ಲಿನಕ್ಸ್‌ನಲ್ಲಿ ರೂಟರ್ ಪಕ್ಕ ಕೂತರೆ ಮಾತ್ರ. ಕಾರ್ಡ್ ಮೇಲೆ ಆಂಟೆನಾ ಸಿಕ್ಕಿಸಲು ಎರಡು ಗುಬಟುಗಳಿರುತ್ತವೆ, ಕಾರ್ಖಾನೆಯಲ್ಲಿ ಸಿಕ್ಕಿಸಿರುವುದು ಒಂದೇ ತಂತಿ. ಲಿನಕ್ಸ್ ಡ್ರೈವರ್ ತಂತಿ ಇಲ್ಲದ ಗುಬಟಿನಿಂದ ಕೇಳುತ್ತಿರುತ್ತದೆ. 'ಮಾಡ್‌ಪ್ರೋಬ್.ಡಿ' ಕೋಶದಲ್ಲಿ ಒಂದು ಕಡತ ಮಾಡಿ 'ಆಪ್ಷನ್ಸ್ ಆರ್‌ಟಿಎಲ್8723ಬಿಇ ಆಂಟ್_ಸೆಲ್=2' ಎಂದು ಬರೆದರೆ ಸಿಗ್ನಲ್ ತುಂಬಿಕೊಳ್ಳುತ್ತದೆ. 2ರಿಂದ ಆಗದಿದ್ದರೆ 1 ಹಾಕಿ. ಯಂತ್ರ ಬಿಚ್ಚುವ ಅಗತ್ಯವಿಲ್ಲ.


ಕಡಲಾಚೆಯ ಕನ್ನಡಿಗ:

ಅಮೆರಿಕದಿಂದ ರಜೆಗೆ ಬೆಂಗಳೂರಿನ ಮನೆಗೆ ಬಂದಿದ್ದೇನೆ. ಉಬುಂಟುವಿನಲ್ಲಿ ಅಕ್ಕಪಕ್ಕದವರ ವೈಫೈ ಹೆಸರುಗಳೆಲ್ಲ ಕಾಣುತ್ತವೆ, ನಮ್ಮ ಮನೆಯದೇ ಕಾಣುವುದಿಲ್ಲ. ವಿಂಡೋಸ್‌ನಲ್ಲಿ ಕಾಣುತ್ತದೆ. ಅಪ್ಪನ ಮೊಬೈಲ್‌ನಲ್ಲೂ ಕಾಣುತ್ತದೆ.


ಕರ್ನಲ್ ಓದುಗ:

ರೂಟರ್ 12 ಅಥವಾ 13ನೇ ಚಾನೆಲ್‌ನಲ್ಲಿದೆಯೇ ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಭಾರತದಲ್ಲಿ 13ರವರೆಗೆ ಬಳಸಬಹುದು, ಅಮೆರಿಕದ ಕಾರ್ಡ್‌ಗಳು 11ಕ್ಕೆ ನಿಲ್ಲುತ್ತವೆ. ತಾನು ಅಮೆರಿಕದಲ್ಲಿದ್ದೇನೆಂದು ಉಬುಂಟು ಭಾವಿಸಿದ್ದರೆ ಆ ಎರಡು ಚಾನೆಲ್‌ಗಳ ಕಡೆ ತಿರುಗಿಯೂ ನೋಡುವುದಿಲ್ಲ. 'ಐಡಬ್ಲ್ಯೂ ರೆಗ್ ಗೆಟ್' ಎಂದರೆ ಅದು ಯಾವ ದೇಶದ ನಿಯಮ ಪಾಲಿಸುತ್ತಿದೆ ಎಂದು ತಿಳಿಯುತ್ತದೆ. 'ಐಡಬ್ಲ್ಯೂ ರೆಗ್ ಸೆಟ್ ಐಎನ್' ಎಂದು ಭಾರತವನ್ನು ಸೂಚಿಸಬಹುದು. ಇಂಟೆಲ್ ಕಾರ್ಡ್ ಆದರೆ ಸುತ್ತಲಿನ ರೂಟರ್‌ಗಳನ್ನು ಕೇಳಿ ತಾನೇ ದೇಶ ನಿರ್ಧರಿಸುತ್ತದೆ, ನಿಮ್ಮ ಮಾತಿಗೆ ಜಗ್ಗುವುದಿಲ್ಲ. ಎಲ್ಲಕ್ಕಿಂತ ಸುಲಭವೆಂದರೆ ರೂಟರ್‌ನ ಚಾನೆಲ್ಲನ್ನು 1, 6 ಅಥವಾ 11ಕ್ಕೆ ಬದಲಿಸುವುದು. ನಾಳೆ ಮನೆಗೆ ಬರುವ ನೆಂಟರ ಫೋನ್‌ಗೂ ಅದರಿಂದ ಅನುಕೂಲ.


ಕಡಲಾಚೆಯ ಕನ್ನಡಿಗ:

13ರಲ್ಲಿತ್ತು. 6ಕ್ಕೆ ಬದಲಿಸಿದೆ, ಕಾಣಿಸಿತು. ತುಂಬಾ ಉಪಕಾರವಾಯಿತು.


ದಾವಣಗೆರೆ ಡಿಪ್ಲೊಮಾ:

ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ವೈಫೈ ಇರುತ್ತದೆ, ಆದರೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ತೂಕಡಿಸುತ್ತದೆ. ಪುಟ ತೆರೆಯಲು ಹೋದರೆ ಮೊದಲ ಕೆಲವು ಕ್ಷಣ ಏನೂ ಆಗುವುದಿಲ್ಲ. ಉಬುಂಟುವಿನಲ್ಲಿ ಮಾತ್ರ.


ಕರ್ನಲ್ ಓದುಗ:

ವಿದ್ಯುತ್ ಉಳಿತಾಯದ ಪ್ರಭಾವವಿರಬಹುದು. ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನ 'ಕಾನ್ಫ್.ಡಿ' ಕೋಶದಲ್ಲಿ 'ಡಿಫಾಲ್ಟ್-ವೈಫೈ-ಪವರ್‌ಸೇವ್-ಆನ್' ಎಂಬ ಕಡತವಿದೆ. ಅದರಲ್ಲಿ 'ವೈಫೈ.ಪವರ್‌ಸೇವ್ = 3' ಎಂದಿರುವುದನ್ನು 2 ಮಾಡಿ ನೆಟ್‌ವರ್ಕ್‌ಮ್ಯಾನೇಜರ್ ಮರುಚಾಲನೆ ಮಾಡಿ. ಇಲ್ಲಿ 3 ಎಂದರೆ ಉಳಿತಾಯ ಬೇಕು, 2 ಎಂದರೆ ಬೇಡ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಅದು ನಿಮ್ಮ ಆಯ್ಕೆ.


ಶಿರಸಿ ಶಿಕ್ಷಕಿ:

ಮತ್ತೆ ಬಂದಿದ್ದೇನೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ ಮೇಲೆ ವೈಫೈ ಒಂದು ದಿನವೂ ಕೈಕೊಟ್ಟಿರಲಿಲ್ಲ, ಡಿ ಡ್ರೈವ್‌ನಲ್ಲಿ ಬರೆಯಲೂ ಆಗುತ್ತಿತ್ತು. ಮೊನ್ನೆ ವಿಂಡೋಸ್ ದೊಡ್ಡದೊಂದು ಅಪ್‌ಡೇಟ್ ಹಾಕಿಕೊಂಡಿತು. ಮರುದಿನ ಉಬುಂಟುವಿನಲ್ಲಿ ವೈಫೈ ಇಲ್ಲ. ಈ ಸಲ ಗಾಬರಿಯಾಗಲಿಲ್ಲ. ದಿನಚರಿ ನೋಡಿದೆ, ಅದೇ 'ಡ್ರೈವರ್ ಓನ್' ಸಾಲು. ವಿಂಡೋಸ್‌ಗೆ ಹೋಗಿ ನೋಡಿದರೆ ಫಾಸ್ಟ್ ಸ್ಟಾರ್ಟಪ್ ಎದುರು ಗುರುತು ಮರಳಿ ಬಂದು ಕೂತಿದೆ. ಪ್ರತಿ ಅಪ್‌ಡೇಟ್‌ಗೂ ಹೀಗೆ ತೆಗೆಯುತ್ತಿರಬೇಕೇ?

ಇನ್ನೊಂದು: ಉಬುಂಟುವಿನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಇದೂ ಅದರಿಂದಲೇ?


ಕರ್ನಲ್ ಓದುಗ:

ದೊಡ್ಡ ಅಪ್‌ಡೇಟ್‌ಗಳ ನಂತರ ಆ ಗುರುತು ಮರಳುವುದುಂಟು. ಶಾಶ್ವತ ಉಪಾಯ ಬೇಕಾದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಪವರ್‌ಸಿಎಫ್‌ಜಿ /ಎಚ್ ಆಫ್' ಎನ್ನಿ. ಇದು ಹೈಬರ್ನೇಟ್ ಸೌಲಭ್ಯವನ್ನೇ ತೆಗೆಯುತ್ತದೆ, ಹೈಬರ್‌ಫಿಲ್ ಕಡತ ಅಳಿದು ಹಲವು ಜಿಬಿ ಜಾಗ ಸಿಗುತ್ತದೆ. ಅದಿಲ್ಲದೆ ಫಾಸ್ಟ್ ಸ್ಟಾರ್ಟಪ್ ಇರಲಾರದು. ಮುಚ್ಚಳ ಮುಚ್ಚಿದಾಗಿನ ಸಾಮಾನ್ಯ ಸ್ಲೀಪ್ ಹಾಗೆಯೇ ಉಳಿಯುತ್ತದೆ. ವಿಂಡೋಸ್‌ನಲ್ಲಿ ಹೈಬರ್ನೇಟ್ ಬಳಸುವ ರೂಢಿ ಇದ್ದರೆ ಮಾತ್ರ ಹಿಂದೆ ಮುಂದೆ ನೋಡಿ.

ಗಡಿಯಾರದ ಕಾರಣ ಬೇರೆ. ಮದರ್‌ಬೋರ್ಡ್ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಅಂತರರಾಷ್ಟ್ರೀಯ ಸಮಯ ಎಂದು ಲಿನಕ್ಸ್ ನಂಬುತ್ತದೆ. ನಡುವಿನ ವ್ಯತ್ಯಾಸವೇ ನಮ್ಮ 5 ಗಂಟೆ 30 ನಿಮಿಷ. ಉಬುಂಟುವಿನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದರೆ ಅದೂ ವಿಂಡೋಸ್‌ನಂತೆ ನಡೆಯುತ್ತದೆ. ಬೇಸಿಗೆಗೊಮ್ಮೆ ಗಡಿಯಾರ ಮುಂದಿಡುವ ದೇಶಗಳಲ್ಲಿ ಈ ಉಪಾಯದಿಂದ ಗೊಂದಲವಾಗುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲದಿರುವುದರಿಂದ ಧೈರ್ಯವಾಗಿ ಮಾಡಿ.


ಶಿರಸಿ ಶಿಕ್ಷಕಿ:

ಎರಡನ್ನೂ ಮಾಡಿದೆ. ಸಿ ಡ್ರೈವ್‌ನಲ್ಲಿ ಜಾಗ ಹೆಚ್ಚಿದೆ, ಗಡಿಯಾರ ಎರಡೂ ಕಡೆ ಒಂದೇ ಇದೆ, ಶಟ್ ಡೌನ್ ಒತ್ತಿ ಬಂದರೂ ಉಬುಂಟುವಿನಲ್ಲಿ ವೈಫೈ ಇದೆ. ಕಾರ್ಡ್ ತರಿಸುವುದು ಬೇಡವೆಂದು ಅಂಗಡಿಯವರಿಗೆ ಹೇಳಿ, ದಿನಚರಿಯ ಆ ಎರಡು ಸಾಲುಗಳನ್ನೂ ತೋರಿಸಿದೆ. ಅವರು ಅದನ್ನು ಫೋಟೊ ತೆಗೆದುಕೊಂಡರು. ಡ್ಯುಯಲ್ ಬೂಟ್ ಇರುವ ಇನ್ನೊಬ್ಬರ ಲ್ಯಾಪ್‌ಟಾಪ್ ಇದೇ ದೂರಿನೊಂದಿಗೆ ಅವರಲ್ಲಿದೆಯಂತೆ, ಇಂಟೆಲ್ ಕಾರ್ಡ್. ದಿನಚರಿಯ ಸಾಲು ಸಿಕ್ಕಿದ ಕೂಡಲೇ ಇಲ್ಲಿ ಹಾಕುತ್ತೇನೆ.